ಇಪ್ಪತ್ನಾಲ್ಕು ಗಂಟೆ ಯೂರಿನ್ನು, ಎರಡು ಕ್ಯಾನು, ಒಂದು ಕಿಡ್ನಿ

ನಾನು ಸ್ಟಾಫ್ ನರ್ಸ್. ಮೊದ್ಲು ಮೆಡಿಕಲ್ ವಾರ್ಡ್, ಆಮೇಲೆ ಸ್ವಲ್ಪ ವರ್ಷ ಡಯಾಲಿಸಿಸ್ ಯೂನಿಟ್, ಈಗ ಮತ್ತೆ ಮೆಡಿಕಲ್ ವಾರ್ಡ್. ಯೂರಿನ್ ಡಬ್ಬಿ ಕೈಗೆ ಕೊಟ್ಟು ಹಿಡ್ಕೊಂಡ್ ಬನ್ನಿ ಅನ್ನೋದು, ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಬರೆಯೋದು, ಕ್ಯಾತಿಟರ್ ಅಂದ್ರೆ ಯೂರಿನ್ ಹೋಗೋ ಟ್ಯೂಬ್ ಹಾಕೋದು, ಸ್ಕ್ಯಾನಿಗೆ ಕಳ್ಸೋದು, ಇದೆಲ್ಲ ದಿನಾ ಮಾಡೋ ಕೆಲ್ಸ. ತಮ್ಮನಿಗೆ ಕಿಡ್ನಿ ಕೊಡ್ಬೇಕು ಅಂತ ಆದಾಗ ಅದೇ ಟೆಸ್ಟುಗಳನ್ನೆಲ್ಲ ಪೇಷೆಂಟ್ ಕಡೆ ಕುರ್ಚೀಲಿ ಕೂತು ಮಾಡಿಸ್ಕೊಂಡೆ. ಸಿಕ್ಕಿದವ್ರೆಲ್ಲ ಆಪರೇಷನ್ ಬಗ್ಗೇನೇ ಕೇಳ್ತಾರೆ, ಎಷ್ಟ್ ಹೊತ್ತಾಯ್ತು, ಎಷ್ಟ್ ಹೊಲಿಗೆ, ನೋವಿತ್ತಾ ಅಂತ. ಆಪರೇಷನ್ ಒಂದು ಬೆಳಿಗ್ಗೆ ಮುಗಿದುಹೋಗುತ್ತೆ ಸ್ವಾಮಿ, ಅದಕ್ಕಿಂತ ಮುಂಚೆ ತಿಂಗಳುಗಟ್ಟಲೆ ನಡೆಯೋ ತಪಾಸಣೆ ಇದ್ಯಲ್ಲ, ಅದನ್ನ ಬಿಡಿಸಿ ಹೇಳೋರು ಕಮ್ಮಿ, ಅದಕ್ಕೆ ಬರೀತಿದೀನಿ.

ಮೊದ್ಲು ತಮ್ಮನ ವಿಷ್ಯ. ಗೂಡ್ಸ್ ಗಾಡಿ ಓಡಿಸ್ತಾನೆ, ಮೂವತ್ತು ದಾಟಿತ್ತು ಅಷ್ಟೆ, ಆಳು ಗಟ್ಟಿಮುಟ್ಟಾಗೇ ಇದ್ದ. ಯುಗಾದಿಗೆ ಬಂದಾಗ ನೋಡ್ತೀನಿ, ಕಣ್ಣಿನ ಸುತ್ತ ಊದ್ಕೊಂಡಿದೆ. ನಿದ್ದೆಗೆಟ್ಟಿದೀನಿ ಅಕ್ಕ, ಲೋಡ್ ಜಾಸ್ತಿ ಅಂದ. ಕಾಲು ನೋಡ್ದೆ, ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದ್ರೆ ಗುಳಿ ಹಾಗೇ ನಿಂತಿತ್ತು, ತುಂಬ್ಕೊಳ್ಳೋಕೆ ಸುಮಾರು ಹೊತ್ತು ಹಿಡೀತು. ಯೂರಿನಲ್ಲಿ ನೊರೆ ಬರುತ್ತೇನೋ ಅಂತ ಕೇಳಿದ್ರೆ, ಹೂಂ ಒಂದ್ ವರ್ಷದಿಂದ ಬರ್ತಿದೆ, ನೀರ್ ಕಮ್ಮಿ ಕುಡಿಯೋದಕ್ಕೆ ಅನ್ಕೊಂಡಿದ್ದೆ ಅಂತಾನೆ. ಬಿಪಿ 190/110. ಅವತ್ತು ಒಬ್ಬಟ್ಟು ಯಾರಿಗ್ ಬೇಕಿತ್ತು.

ಮಾರನೇ ದಿನ ರಕ್ತ ಕೊಡ್ಸಿದ್ರೆ ಕ್ರಿಯಾಟಿನಿನ್ 8.9, ವಿಪರೀತ ಜಾಸ್ತಿ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ, ಯಾಕಂದ್ರೆ ಕೆಂಪು ರಕ್ತಕಣ ಮಾಡು ಅಂತ ಮೂಳೆ ಮಜ್ಜೆಗೆ ಹೇಳೋ ಎರಿಥ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಬಹುಪಾಲು ತಯಾರಾಗೋದೇ ಕಿಡ್ನಿಯಲ್ಲಿ. ಸ್ಕ್ಯಾನಿಂಗಲ್ಲಿ ಎರಡೂ ಕಿಡ್ನಿ 8 ಸೆಂಟಿಮೀಟರ್ ಆಸುಪಾಸು. ದೊಡ್ಡವರಿಗೆ ಸಾಮಾನ್ಯವಾಗಿ 9ರಿಂದ 12 ಇರ್ಬೇಕು, ಇವನದ್ದು ಸುಕ್ಕಾಗಿತ್ತು. ಬಯಾಪ್ಸಿ ಮಾಡಲ್ವಾ ಸರ್ ಅಂತ ನೆಫ್ರಾಲಜಿಸ್ಟ್‌ನ ಕೇಳಿದೆ. ಇಷ್ಟು ಸುಕ್ಕಾಗಿರೋ ಕಿಡ್ನಿಗೆ ಸೂಜಿ ಹಾಕಿದ್ರೆ ರಕ್ತಸ್ರಾವದ ರಿಸ್ಕ್ ಜಾಸ್ತಿ, ಬರೋ ಉತ್ತರದಿಂದ ಟ್ರೀಟ್‌ಮೆಂಟ್ ಏನೂ ಬದಲಾಗಲ್ಲಮ್ಮ ಅಂದ್ರು. ಹಾಗಾಗಿ ಕಾರಣ ಏನು ಅಂತ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ.

ಕ್ರಿಯಾಟಿನಿನ್ ಅನ್ನೋದು ಸ್ವಲ್ಪ ಮೋಸದ ಟೆಸ್ಟು. ಮಾಂಸಖಂಡದಿಂದ ಬರೋ ಕಸ ಅದು, ಕಿಡ್ನಿ ಹೊರಗೆ ಹಾಕುತ್ತೆ. ಆದ್ರೆ ಕಿಡ್ನಿ ಕೆಲಸ ಹೆಚ್ಚುಕಮ್ಮಿ ಅರ್ಧ ಹೋಗೋವರ್ಗೂ ರಿಪೋರ್ಟಲ್ಲಿ ನಾರ್ಮಲ್ ಒಳಗೇ ಕಾಣಿಸ್ಬಹುದು. ನೊರೆ ಬಂದ ವರ್ಷವೇ ಒಂದು ಯೂರಿನ್ ಟೆಸ್ಟ್ ಮಾಡ್ಸಿದ್ದಿದ್ರೆ ಪ್ರೋಟೀನ್ ಸಿಗ್ತಿತ್ತು. ನಾವು ಜನರಲ್ ನರ್ಸಿಂಗ್ ಓದೋವಾಗ ಪ್ರಾಕ್ಟಿಕಲಲ್ಲಿ ಇದನ್ನ ಸ್ಪಿರಿಟ್ ಲ್ಯಾಂಪ್ ಹಚ್ಕೊಂಡು ಮಾಡ್ತಿದ್ವಿ. ಟೆಸ್ಟ್ ಟ್ಯೂಬಿಗೆ ಮುಕ್ಕಾಲು ಭಾಗ ಯೂರಿನ್, ಹೋಲ್ಡರಲ್ಲಿ ಓರೆಯಾಗಿ ಹಿಡ್ಕೊಂಡು ಮೇಲಿನ ಭಾಗ ಮಾತ್ರ ಕಾಯಿಸ್ಬೇಕು, ಮೇಲೆ ಮಸುಕಾಗಿ ಕೆಳಗೆ ತಿಳಿಯಾಗಿದ್ರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಆಮೇಲೆ ಅಸಿಟಿಕ್ ಆಸಿಡ್ ನಾಲ್ಕೈದು ಹನಿ. ಮಸುಕು ಕರಗಿ ಹೋದ್ರೆ ಫಾಸ್ಫೇಟು, ಹಾಗೇ ನಿಂತ್ರೆ ಆಲ್ಬುಮಿನ್ನು. ಈಗ ಒಂದು ಸ್ಟ್ರಿಪ್ ಅದ್ದಿ ಒಂದು ನಿಮಿಷ ಕಾದ್ರೆ ಬಣ್ಣ ಹೇಳುತ್ತೆ. ಕಾಫಿ ಟೀ ದುಡ್ಡಿನ ಟೆಸ್ಟು. ಬಿಪಿ ಇರೋರು, ಶುಗರ್ ಇರೋರು, ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದ್ರೆ ಇರೋರು ವರ್ಷಕ್ಕೊಂದ್ಸಲ ಕ್ರಿಯಾಟಿನಿನ್ ಜೊತೆ ಇದನ್ನೂ ಮಾಡ್ಸಿ ಅಂತ ನಾನು ಮದುವೆ ಮನೇಲೂ ಹೇಳ್ತೀನಿ, ನಮ್ಮನೆಯವ್ರಿಗೆ ಮುಜುಗರ.

ಸರಿ, ಡಯಾಲಿಸಿಸ್ ಶುರುವಾಯ್ತು. ಕೈಗೆ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕೋಕೆ ಅಂತ ರಕ್ತನಾಳ ಜೋಡಿಸೋದು, ತಾಲ್ಲೂಕು ಆಸ್ಪತ್ರೇಲಿ ಒಂದೊಂದ್ಸಲಕ್ಕೆ ನಾಲ್ಕು ಗಂಟೆ. ಗಾಡಿ ಮಾರಿದ. ಕಿಡ್ನಿ ಯಾರು ಕೊಡೋದು ಅನ್ನೋ ಮಾತು ಬಂದಾಗ ಅಮ್ಮ ಮುಂದೆ ಬಂದ್ರು, ಅವರಿಗೆ ಶುಗರ್. ಅಪ್ಪನಿಗೆ ಬಿಪಿ, ವಯಸ್ಸೂ ಆಗಿತ್ತು. ಅವನ ಹೆಂಡ್ತಿ ಬ್ಲಡ್ ಗ್ರೂಪ್ ಬೇರೆ. ಬೇರೆ ಗ್ರೂಪಿದ್ರೂ ಈಗ ಮಾಡ್ತಾರೆ, ಆದ್ರೆ ಖರ್ಚೂ ಜಾಸ್ತಿ ತಾಪತ್ರಯಾನೂ ಜಾಸ್ತಿ. ನಾನು ಅವನು ಇಬ್ರೂ ಬಿ ಪಾಸಿಟಿವ್. ನಾನೇ ಮೊದ್ಲು ಟೆಸ್ಟ್ ಮಾಡಿಸ್ಕೋತೀನಿ ಅಂದೆ. ತಮ್ಮ ತಿಂಗಳುಗಟ್ಟಲೆ ಬೇಡ ಅಕ್ಕ, ಬೇಡ ಅಕ್ಕ ಅಂತಾನೇ ಇದ್ದ. ನೀನ್ ಸುಮ್ನಿರೋ, ಟೆಸ್ಟಲ್ಲಿ ಪಾಸಾಗ್ಬೇಕಲ್ಲ ಮೊದ್ಲು ಅಂತ ಬಾಯಿ ಮುಚ್ಚಿಸ್ದೆ.

ಮೊದ್ಲು ಎಚ್‌ಎಲ್‌ಎ ಟೈಪಿಂಗ್, ದೇಹ ತನ್ನದ್ಯಾವ್ದು ಬೇರೆಯವರದ್ಯಾವ್ದು ಅಂತ ಕಂಡುಹಿಡಿಯೋ ಗುರುತುಗಳನ್ನ ಹೋಲಿಸಿ ನೋಡೋ ಟೆಸ್ಟು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದೋದು ನಾಲ್ಕರಲ್ಲಿ ಎರಡು, ಏನೂ ಹೊಂದದೇ ಇರೋದು ನಾಲ್ಕರಲ್ಲಿ ಒಂದು. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಕಿಡ್ನಿ ಕಸಿ ಸಕ್ಸಸ್ ಆಗಿದ್ದು ಒಂದೇ ಥರದ ಅವಳಿ ಅಣ್ಣತಮ್ಮಂದಿರ ಮಧ್ಯೆ, ಅಲ್ಲಿ ದೇಹ ತಿರಸ್ಕರಿಸೋ ಪ್ರಶ್ನೇನೇ ಇರಲಿಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಜೀವಂತ ದಾನಿಯಿಂದ ತಗೊಂಡು ಮಾಡಿದ್ದು ಯಶಸ್ವಿಯಾಯ್ತು. ಈಗ ಔಷಧಿ ಚೆನ್ನಾಗಿರೋದ್ರಿಂದ ಅರ್ಧ ಮ್ಯಾಚ್ ಆದ್ರೂ ತೊಂದ್ರೆ ಇಲ್ಲ ಅಂತಾರೆ, ನಮ್ದೂ ಅರ್ಧಾನೇ ಬಂತು. ಅದಕ್ಕಿಂತ ಎದೆ ಹೊಡ್ಕೊಂಡಿದ್ದು ಕ್ರಾಸ್‌ಮ್ಯಾಚಿಗೆ. ನನ್ನ ಬಿಳಿ ರಕ್ತಕಣಗಳ ಮೇಲೆ ಅವನ ಸೀರಮ್ ಹಾಕಿ ನೋಡ್ತಾರೆ, ಕಣಗಳು ಸತ್ರೆ ಪಾಸಿಟಿವ್, ಅಂದ್ರೆ ಅವನ ರಕ್ತದಲ್ಲಿ ನನ್ನ ವಿರುದ್ಧ ಆಂಟಿಬಾಡಿ ಈಗಾಗಲೇ ರೆಡಿ ಇದೆ ಅಂತ. ತಮ್ಮನಿಗೆ ಮೊದ್ಲು ಹಿಮೋಗ್ಲೋಬಿನ್ ಕಮ್ಮಿ ಅಂತ ರಕ್ತ ಹಾಕಿದ್ರು, ಬೇರೆಯವರ ರಕ್ತ ತಗೊಂಡಷ್ಟೂ ಆಂಟಿಬಾಡಿ ಬೆಳೆಯೋ ಭಯ, ಕಸಿಗೆ ಕಾಯೋರಿಗೆ ರಕ್ತ ಹಾಕೋ ಬದಲು ಎರಿಥ್ರೋಪೊಯೆಟಿನ್ ಇಂಜೆಕ್ಷನ್ನಲ್ಲೇ ತಳ್ಳೋದು ಅದಕ್ಕೇ. ನೆಗೆಟಿವ್ ಬಂತು. ಆಪರೇಷನ್ ಹತ್ರ ಬಂದಾಗ ಇನ್ನೊಂದ್ಸಲ ಮಾಡ್ತಾರೆ, ಆಗ್ಲೂ ನೆಗೆಟಿವ್.

ಇನ್ನು ಯೂರಿನ್. ರೊಟೀನ್ ಮತ್ತೆ ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋದು) ಅಂತ ಲ್ಯಾಬ್ ಹುಡುಗ ಎರಡು ಡಬ್ಬಿ ಕೊಟ್ಟ, ಬಾತ್ರೂಮ್ ಕಡೆ ಕೈ ತೋರಿಸ್ದ, ಅಷ್ಟೆ. ನಾನು ನರ್ಸ್ ಅಂತ ಅವನಿಗೆ ಗೊತ್ತಿರ್ಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸಿಗೂ ಹಾಗೇ ಕೊಟ್ಟ, ಆಕೆ ಸೀರೆ ಸೆರಗು ಹಿಡ್ಕೊಂಡು ಇದ್ರಲ್ಲಿ ಯಾವ್ದಕ್ಕೆ ಎಷ್ಟು ಅಂತ ನನ್ನನ್ನ ಕೇಳಿದ್ರು. ಬಾತ್ರೂಮ್ ಬಾಗಿಲಲ್ಲೇ ನಿಂತ್ಕೊಂಡು ಹೇಳಿಕೊಟ್ಟೆ. ಮೊದ್ಲು ಕೈ ತೊಳ್ಕೊಳ್ಳಿ, ಕೆಳಗೆ ಮುಂದಿನಿಂದ ಹಿಂದಕ್ಕೆ ನೀರಲ್ಲಿ ತೊಳ್ದು ಒರೆಸ್ಕೊಳ್ಳಿ, ಮೊದಲ ಸ್ವಲ್ಪ ಹೊರಗೆ ಬಿಡಿ, ನಿಲ್ಲಿಸ್ದೆ ಮಧ್ಯದ್ದನ್ನ ಡಬ್ಬಿಗೆ ಹಿಡೀರಿ, ಕೊನೇದು ಬೇಡ, ಡಬ್ಬಿ ಒಳಗೆ ಮುಚ್ಚಳದ ಒಳಗೆ ಬೆರಳು ತಾಗಿಸ್ಬೇಡಿ, ಮುಟ್ಟಾಗಿದ್ರೆ ಇವತ್ತು ಕೊಡ್ಲೇಬೇಡಿ. ಈ ಅರ್ಧ ನಿಮಿಷದ ಮಾತು ಹೇಳದೇ ಇರೋದ್ರಿಂದ ಎಷ್ಟು ಜನಕ್ಕೆ ಸುಮ್ಸುಮ್ನೆ ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಬರೆದುಕೊಡ್ತಾರೆ ಅಂತ ವಾರ್ಡಲ್ಲಿ ಕಣ್ಣಾರೆ ನೋಡಿದೀನಿ. ಸ್ಯಾಂಪಲ್ ಬೇಗ ಲ್ಯಾಬಿಗೆ ಹೋಗ್ಬೇಕು, ಒಂದ್ ಗಂಟೆ ಒಳಗೆ ಹೋದ್ರೆ ಒಳ್ಳೇದು, ಇಲ್ದಿದ್ರೆ ಫ್ರಿಜ್ಜಲ್ಲಿಡ್ಬೇಕು, ಕಿಟಕಿ ಮೇಲೆ ಬಿಸಿಲಲ್ಲಿ ಕೂತ್ರೆ ನಾಲ್ಕು ಬ್ಯಾಕ್ಟೀರಿಯಾ ನಾಲ್ಕು ಲಕ್ಷ ಆಗುತ್ತೆ. ಕ್ಯಾತಿಟರ್ ಇರೋರ ಕಲ್ಚರ್ ಸ್ಯಾಂಪಲ್ ಬ್ಯಾಗಿಂದ ತೆಗೆಯೋದಂತೂ ತಪ್ಪೇ ತಪ್ಪು, ಟ್ಯೂಬನ್ನ ಸ್ವಲ್ಪ ಹೊತ್ತು ಕ್ಲಾಂಪ್ ಮಾಡಿ ಪೋರ್ಟಿಂದ ಸಿರಿಂಜಲ್ಲಿ ಎಳೀಬೇಕು.

ನಿಜವಾದ ಕಥೆ ಇಪ್ಪತ್ನಾಲ್ಕು ಗಂಟೆ ಯೂರಿನ್ನಿಂದು. ದಾನಿಯ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ರಕ್ತದ ನೀರನ್ನ ಸೋಸುತ್ತೆ ಅನ್ನೋದು, ಅಂದ್ರೆ ಜಿಎಫ್‌ಆರ್, ಎಲ್ಲಕ್ಕಿಂತ ಮುಖ್ಯ. 90 ಅಥವಾ ಅದಕ್ಕಿಂತ ಮೇಲಿದ್ರೆ ಸಾಮಾನ್ಯವಾಗಿ ಒಪ್ತಾರೆ, 60ಕ್ಕಿಂತ ಕೆಳಗಿದ್ರೆ ಬೇಡ ಅಂತಾರೆ, ಮಧ್ಯದವ್ರಿಗೆ ವಯಸ್ಸು ಗಿಯಸ್ಸು ನೋಡಿ ತೀರ್ಮಾನ. ಅದನ್ನ ಅಳೆಯೋ ಹಳೇ ದಾರಿ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದ್ರೆ ಇಡೀ ದಿನದ ಯೂರಿನಲ್ಲಿ ಬಂದ ಕ್ರಿಯಾಟಿನಿನ್ನನ್ನ ರಕ್ತದಲ್ಲಿರೋದರ ಜೊತೆ ಹೋಲಿಸಿ ಲೆಕ್ಕ ಹಾಕೋದು, ಜೊತೆಗೆ ದಿನಕ್ಕೆ ಎಷ್ಟು ಪ್ರೋಟೀನ್ ಸೋರುತ್ತೆ ಅಂತಾನೂ ಗೊತ್ತಾಗುತ್ತೆ, 150 ಮಿಲಿಗ್ರಾಂಗಿಂತ ಕಮ್ಮಿ ಇರ್ಬೇಕು. ಇದರ ನಿಯಮ ಹೀಗೆ: ಬೆಳಿಗ್ಗೆ ಎದ್ದು ಮೊದಲ ಯೂರಿನ್ ಟಾಯ್ಲೆಟ್ಟಿಗೇ ಹೋಗ್ಬೇಕು, ಆ ಟೈಮ್ ಬರ್ಕೋಬೇಕು. ಅಲ್ಲಿಂದ ಮಾರನೇ ದಿನ ಅದೇ ಟೈಮಿಗೆ ಮಾಡೋ ಮೊದಲ ಯೂರಿನ್ನೂ ಸೇರಿ ಒಂದು ಹನಿ ಬಿಡದೆ ಕ್ಯಾನಿಗೆ. ಮೊದಲನೇದನ್ನೂ ಸೇರಿಸಿದ್ರೆ ರಾತ್ರಿ ಪೂರ್ತಿದು ಎರಡು ಸಲ ಲೆಕ್ಕಕ್ಕೆ ಬಂದ ಹಾಗೆ, ಸಂಡಾಸಿಗೆ ಹೋದಾಗ ಜೊತೆಗೆ ಹೋಗಿದ್ದನ್ನ ಬಿಟ್ರೆ ಲೆಕ್ಕ ಕಮ್ಮಿ. ಕ್ರಿಯಾಟಿನಿನ್ ಪ್ರೋಟೀನಿಗೆ ಕ್ಯಾನಲ್ಲಿ ಆಸಿಡ್ ಹಾಕೋದು ಬೇಡ, ತಣ್ಣಗಿಟ್ರೆ ಸಾಕು.

ತಣ್ಣಗಿಡೋದೇ ಸಮಸ್ಯೆ. ಫ್ರಿಜ್ ಬಾಗಿಲು ತೆಗೆದು ಕೆಳಗಿನ ಖಾನೆ ಖಾಲಿ ಮಾಡ್ತಿದ್ದೆ, ಅತ್ತೆ ಬಂದ್ರು. ಏನವ್ವಾ ಇಡೋಕೆ ಜಾಗ ಮಾಡ್ತಿದೀಯ ಅಂದ್ರು. ಹೇಳಿದೆ. ಅವರ ಮುಖ ನೋಡ್ಬೇಕಿತ್ತು. "ನೈವೇದ್ಯಕ್ಕಿಡೋ ಹಾಲಿನ ಪಕ್ಕ ಅದನ್ನಿಡ್ತೀಯಾ? ನಾನ್ ಬದುಕಿರೋಗಂಟ ಆಗಲ್ಲ ಕಣವ್ವಾ." ಅವರದ್ದೂ ತಪ್ಪೇನಿಲ್ಲ. ನಮ್ಮನೆಯವ್ರು ಮೀನಂಗಡಿಯಿಂದ ಥರ್ಮಾಕೋಲ್ ಡಬ್ಬಿ, ಐಸು ತಂದು ಹಿತ್ತಲ ಬಾತ್ರೂಮಲ್ಲಿ ವ್ಯವಸ್ಥೆ ಮಾಡಿದ್ರು. ಅವತ್ತೇ ನಾದಿನಿ ಮನೇಲಿ ಬಾಡೂಟ, ಅದಕ್ಕೂ ಹೋಗ್ಲಿಲ್ಲ, ಬೇಯಿಸಿದ ಮಾಂಸ ಚೆನ್ನಾಗಿ ತಿಂದ್ರೆ ರಕ್ತದ ಕ್ರಿಯಾಟಿನಿನ್ ಸ್ವಲ್ಪ ಹೊತ್ತು ಏರುತ್ತೆ. ಲ್ಯಾಬಲ್ಲಿ ಕೊಟ್ಟಿದ್ದ ಕ್ಯಾನ್ ಎರಡು ಲೀಟರಿಂದು, ನನಗೋ ಡ್ಯೂಟೀಲಿ ಕುಡಿಯಕ್ಕಾಗಲ್ಲ ಅಂತ ರಜಾ ದಿನ ಚೊಂಬುಗಟ್ಟಲೆ ನೀರು ಕುಡಿಯೋ ಅಭ್ಯಾಸ, ಒಂದರಲ್ಲಿ ಹಿಡಿಯಲ್ಲ ಅಂತ ಮೊದಲೇ ಎರಡು ಕ್ಯಾನ್ ಇಸ್ಕೊಂಡಿದ್ದೆ. ಎರಡಕ್ಕೂ ಹೆಸ್ರು, ಟೈಮು, ಒಂದು ಎರಡು ಅಂತ ನಂಬರ್ ಬರೆದು ಕೊಟ್ಟೆ, ರಕ್ತಾನೂ ಅವತ್ತೇ ಕೊಟ್ಟೆ.

ರಿಪೋರ್ಟ್ ಬಂತು. ಕ್ರಿಯಾಟಿನಿನ್ ಕ್ಲಿಯರೆನ್ಸ್ 45.

45 ಅಂದ್ರೆ ದಾನ ಕೊಡೋದಿರ್ಲಿ, ನಾನೇ ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೀನಿ ಅಂತ ಅರ್ಥ. ಜೂನಿಯರ್ ಡಾಕ್ಟರ್ ರಿಪೋರ್ಟ್ ನೋಡಿ, ಸಾರಿ ಮೇಡಂ, ನೀವು ಡೋನರ್ ಆಗಕ್ಕಾಗಲ್ಲ ಅನ್ಸುತ್ತೆ, ಬೇರೆ ಯಾರಾದ್ರೂ ಇದಾರಾ ಅಂದ್ರು. ಹೊರಗೆ ಬೆಂಚಲ್ಲಿ ತಮ್ಮ ಕೂತಿದ್ದ. ನಾನು ಹೊರಗೆ ಹೋಗ್ಲಿಲ್ಲ, ಅಲ್ಲೇ ಕೂತು ರಿಪೋರ್ಟಿನ ಒಂದೊಂದು ಸಾಲೂ ಓದಿದೆ. ಒಟ್ಟು ವಾಲ್ಯೂಮ್ 1,000 ಮಿಲಿ ಅಂತ ಇತ್ತು. ಯೂರಿನ್ ಕ್ರಿಯಾಟಿನಿನ್ ಡೆಸಿಲೀಟರಿಗೆ 46 ಮಿಲಿಗ್ರಾಂ, ಅಂದ್ರೆ ದಿನಕ್ಕೆ ಒಟ್ಟು 460. ನನ್ನ ತೂಕ 58 ಕೆಜಿ. ಹೆಂಗಸರ ದೇಹ ದಿನಕ್ಕೆ ಕೆಜಿಗೆ ಸುಮಾರು 15ರಿಂದ 20 ಮಿಲಿಗ್ರಾಂ ಕ್ರಿಯಾಟಿನಿನ್ ಹೊರಗೆ ಹಾಕುತ್ತೆ, ಗಂಡಸರದ್ದು 20ರಿಂದ 25. ನನ್ನ ಲೆಕ್ಕಕ್ಕೆ ಕಮ್ಮಿ ಅಂದ್ರೂ 870 ಬರ್ಬೇಕು. 460 ಅಂದ್ರೆ ಕೆಜಿಗೆ 8 ಮಿಲಿಗ್ರಾಂ! ಅಷ್ಟು ಕಮ್ಮಿ ಬರೋಕೆ ನಾನೇನು ಹಾಸಿಗೆ ಹಿಡಿದ ಮುದುಕಿನಾ. ಕಿಡ್ನಿ ಕೆಟ್ಟಿದ್ರೆ ರಕ್ತದಲ್ಲಿ ಕ್ರಿಯಾಟಿನಿನ್ ಏರಿರ್ಬೇಕಿತ್ತು, ಅದು 0.7 ಇದೆ. ರಕ್ತದ್ದು ಏರಿಲ್ಲ, ಯೂರಿನಲ್ಲೂ ಇಲ್ಲ ಅಂದ್ರೆ ಮತ್ತೆಲ್ಲಿಗೆ ಹೋಯ್ತು? ಕಿಡ್ನಿ ಸರಿ ಇದೆ, ಯೂರಿನ್ ಕಳೆದಿದೆ.

ಲ್ಯಾಬಿಗೆ ಹೋಗಿ ಕೇಳಿದ್ರೆ ಮೊದ್ಲು ಒಪ್ಪಲಿಲ್ಲ, ನೀವು ಸರಿಯಾಗಿ ಹಿಡ್ದಿಲ್ಲ ಮೇಡಂ ಅಂದ್ರು, ಎಲ್ಲ ಪೇಷೆಂಟಿಗೂ ಹೇಳೋ ಮಾತು ಅದು. ರಿಜಿಸ್ಟರ್ ತೆಗೆಸಿದ್ರೆ ನನ್ನ ಹೆಸರಿನ ಮುಂದೆ ಒಂದೇ ಕ್ಯಾನ್ ಎಂಟ್ರಿ. ಎರಡೂ ಕ್ಯಾನ್ ಒಟ್ಟಿಗೆ ಸುರಿದು ಕಲಕಿ, ಒಟ್ಟು ಅಳೆದು, ಅದರಿಂದ ಸ್ವಲ್ಪ ತೆಗೀಬೇಕಿತ್ತು. ಶಿಫ್ಟ್ ಬದಲಾಗೋ ಹೊತ್ತಲ್ಲಿ ಇನ್ನೊಂದು ಕ್ಯಾನ್ ಚರಂಡಿ ಪಾಲಾಗಿತ್ತು. ನಾನಾಗಿದ್ದಕ್ಕೆ ಲೆಕ್ಕ ಹಾಕ್ದೆ. ಇನ್ಯಾರೋ ಆಗಿದ್ದಿದ್ರೆ, ನನ್ ಕಿಡ್ನಿನೂ ಹೋಗಿದೆಯಂತೆ ಅಂತ ಅಳ್ತಾ ಊರಿಗೆ ಹೋಗಿರೋರು, ಅವರ ಮನೆಯವನು ಡಯಾಲಿಸಿಸಲ್ಲೇ ಉಳೀತಿದ್ದ. ಮತ್ತೆ ಐಸು, ಮತ್ತೆ ಥರ್ಮಾಕೋಲು, ಅತ್ತೆ ಈ ಸಲ ಏನೂ ಅನ್ನಲಿಲ್ಲ, ಕ್ಯಾನ್ ಮೇಲೆ ಹಳೇ ಟವೆಲ್ ಹೊದಿಸಿ ಯಾರೂ ಆ ಬಾತ್ರೂಮಿಗೆ ಹೋಗ್ಬೇಡಿ ಅಂತ ಕಾವಲಿಗೇ ನಿಂತ್ರು. ಎರಡನೇ ರಿಪೋರ್ಟಲ್ಲಿ ವಾಲ್ಯೂಮ್ 2,200, ಯೂರಿನ್ ಕ್ರಿಯಾಟಿನಿನ್ 48, ಒಟ್ಟು 1,056, ಕೆಜಿಗೆ 18. ಕ್ಲಿಯರೆನ್ಸ್ 105. ಪ್ರೋಟೀನ್ 80. ಅದೇ ನಾನು, ಅದೇ ಕಿಡ್ನಿ.

ಆಮೇಲೆ ಡಿಟಿಪಿಎ ಸ್ಕ್ಯಾನು. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ಡಿಪಾರ್ಟ್‌ಮೆಂಟಿಗೆ ಹೋಗ್ಬೇಕು, ಬಾಗಿಲ ಮೇಲೆ ಆ ಹಳದಿ ಬಣ್ಣದ ರೇಡಿಯೇಷನ್ ಗುರುತು ನೋಡಿ ಅಮ್ಮ ಒಳಗೇ ಬರ್ಲಿಲ್ಲ. ಟೆಕ್ನೀಷಿಯಂ 99ಎಂ ಅನ್ನೋ ವಿಕಿರಣ ವಸ್ತು ಸೇರಿಸಿದ ಔಷಧಿ ರಕ್ತನಾಳಕ್ಕೆ ಕೊಡ್ತಾರೆ, ಕಿಡ್ನಿ ಅದನ್ನ ಸೋಸೋದನ್ನ ಗಾಮಾ ಕ್ಯಾಮೆರಾ ನೋಡುತ್ತೆ. ಆರು ಗಂಟೆಗೆ ಅರ್ಧದಷ್ಟು ಕಮ್ಮಿಯಾಗೋ ವಸ್ತು ಅದು, ಯೂರಿನಲ್ಲೂ ಹೊರಟುಹೋಗುತ್ತೆ, ಭಯ ಪಡೋದು ಬೇಡ. ಮೊದ್ಲು ಚೆನ್ನಾಗಿ ನೀರು ಕುಡಿಸಿದ್ರು, ಮಲಗೋ ಮುಂಚೆ ಯೂರಿನ್ ಮಾಡ್ಕೊಂಡ್ ಬನ್ನಿ ಅಂದ್ರು. ಸಿರಿಂಜನ್ನ ಸೀಸದ ಕವಚದಲ್ಲಿ ತಂದು, ಕೊಡೋ ಮುಂಚೆ ಒಂದ್ಸಲ ಕ್ಯಾಮೆರಾ ಮುಂದೆ ಹಿಡಿದು ಎಣಿಸಿದ್ರು, ಕೊಟ್ಟಾದ್ಮೇಲೆ ಖಾಲಿ ಸಿರಿಂಜನ್ನೂ ಎಣಿಸಿದ್ರು, ಒಳಗೆ ಎಷ್ಟು ಹೋಯ್ತು ಅನ್ನೋ ಲೆಕ್ಕಕ್ಕೆ. ಔಷಧಿ ನಾಳದಿಂದ ಹೊರಗೆ ಸೋರಿದ್ರೆ ಲೆಕ್ಕಾನೇ ಕೆಡುತ್ತೆ, ಸೂಜಿ ಹಾಕೋವಾಗ ನಾನು ಕಣ್ಣು ಮಿಟುಕಿಸ್ದೆ ಕೈನೇ ನೋಡ್ತಿದ್ದೆ, ಟೆಕ್ನೀಷಿಯನ್ ನಕ್ಕು ಸಿಸ್ಟರಾ ನೀವು ಅಂದ್ರು.

ಅಲುಗಾಡ್ದೆ ಅಂಗಾತ ಮಲಗಿದ್ರೆ ಆಯ್ತು, ನೋವಿಲ್ಲ. ಪಕ್ಕದ ಮಾನಿಟರಲ್ಲಿ ನನ್ನದೇ ಎರಡು ಕಿಡ್ನಿ ನಿಧಾನಕ್ಕೆ ಹೊಳೆಯೋಕೆ ಶುರುವಾಯ್ತು, ನಾಲ್ಕೈದು ನಿಮಿಷಕ್ಕೆ ಪೂರ್ತಿ ಬೆಳಗಿ ಆಮೇಲೆ ಮೂತ್ರಕೋಶದ ಕಡೆ ಬೆಳಕು ಇಳೀತಾ ಹೋಯ್ತು. ಇಷ್ಟು ವರ್ಷ ಪುಸ್ತಕದಲ್ಲಿ ಗೆರೆ ಎಳೆದು ಮಾರ್ಕ್ಸ್ ತಗೊಂಡಿದ್ದನ್ನ ನನ್ನ ಮೈ ಒಳಗೇ ನೋಡಿದ್ದು ಅವತ್ತು. ಈ ಸ್ಕ್ಯಾನಿನ ದೊಡ್ಡ ಲಾಭ ಅಂದ್ರೆ ಎರಡು ಕಿಡ್ನಿ ಕೆಲಸಾನ ಬೇರೆ ಬೇರೆ ಹೇಳುತ್ತೆ, ರಕ್ತದ ಟೆಸ್ಟಿಗೆ ಅದು ಆಗಲ್ಲ. ಒಟ್ಟು 98, ಎಡ 47, ಬಲ 51. ಕೊಡೋರ ಹತ್ರ ಚೆನ್ನಾಗಿರೋದು ಉಳೀಬೇಕು ಅನ್ನೋದು ಈ ಕ್ಷೇತ್ರದಲ್ಲಿ ಎಲ್ಲರೂ ಪಾಲಿಸೋ ನಿಯಮ, ನಂಗಂತೂ ಅದು ಕೇಳಿ ಸಮಾಧಾನ ಆಯ್ತು.

ಸಿಟಿ ಆಂಜಿಯೋಗ್ರಾಮ್ ಕಿಡ್ನಿಯ ರಕ್ತನಾಳದ ಮ್ಯಾಪಿಗೆ. ಮೊದಲೇ ಕೇಳ್ತಾರೆ, ಅಲರ್ಜಿ ಇದ್ಯಾ, ಹಿಂದೆ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣೋ ಹಾಗೆ ಮಾಡೋ ಔಷಧಿ) ಕೊಟ್ಟಾಗ ಏನಾದ್ರೂ ಆಗಿತ್ತಾ, ಶುಗರಿಗೆ ಮೆಟ್‌ಫಾರ್ಮಿನ್ ತಗೋತೀರಾ, ಕ್ರಿಯಾಟಿನಿನ್ ಎಷ್ಟು. ಆ ಔಷಧೀನ ಜೋರಾಗಿ ಪಂಪ್ ಮಾಡೋದ್ರಿಂದ ಮೊಣಕೈ ಮಡಿಕೇಲಿ ದಪ್ಪ ಕ್ಯಾನುಲಾ, ಹಸಿರು ಬಣ್ಣದ್ದು ಹಾಕಿದ್ರು. ನಾನು ಪೇಷೆಂಟ್‌ಗಳಿಗೆ ವರ್ಷಗಟ್ಟಲೆ ಹೇಳಿದ್ದು ಸ್ವಲ್ಪ ಬೆಚ್ಚಗಾಗುತ್ತೆ ಅಷ್ಟೆ ಅಂತ, ಪುಸ್ತಕದಲ್ಲೂ ಹಾಗೇ ಇದೆ. ಸ್ವಲ್ಪ ಅಂತೆ! ಗಂಟಲಿಂದ ಶುರುವಾಗಿ ಹೊಟ್ಟೆಗೆ ಇಳಿದು ತೊಡೆ ಮಧ್ಯೆ ಬಿಸಿ ನುಗ್ಗುತ್ತೆ, ಮಂಚದ ಮೇಲೇ ಉಚ್ಚೆ ಹೊಯ್ಕೊಂಡ್ಬಿಟ್ನಾ ಅಂತ ನಿಜವಾಗ್ಲೂ ಗಾಬರಿಯಾಗುತ್ತೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಒಂದ್ ನಿಮಿಷದಲ್ಲಿ ಹೋಗುತ್ತೆ. ಈಗ ಎಲ್ಲರಿಗೂ ಇದನ್ನ ಬಿಚ್ಚಿ ಹೇಳ್ತೀನಿ, ಉಚ್ಚೆ ಹೋದ ಹಾಗೆ ಅನ್ಸುತ್ತೆ, ಆದ್ರೆ ಹೋಗಿರಲ್ಲ ಅಂತ. ಮುದುಕರು ನಕ್ಕು ಒಳಗೆ ಹೋಗ್ತಾರೆ.

ಬಲಗಡೆ ಕಿಡ್ನಿಗೆ ರಕ್ತ ತರೋ ನಾಳ ಎರಡು ಇತ್ತು, ಇದೇನ್ ಅಪರೂಪ ಅಲ್ಲ, ಎಷ್ಟೋ ಜನಕ್ಕಿರುತ್ತೆ, ಸರ್ಜನ್ನಿಗೆ ಜೋಡಿಸೋ ಕೆಲ್ಸ ಜಾಸ್ತಿ ಅಷ್ಟೆ. ಎಡಕ್ಕೆ ಒಂದೇ. ರಕ್ತ ವಾಪಸ್ ಒಯ್ಯೋ ಅಭಿಧಮನಿ ಎಡಗಡೆದು ಬೇರೆ ಉದ್ದ ಇರುತ್ತೆ, ಹಾಗಾಗಿ ಎಡದ್ದೇ ತೆಗೆಯೋದು ಅಂತಾಯ್ತು. ಯಾಕೆ ಎಡದ್ದು ಅಂತ ಅಪ್ಪ ಕೇಳಿದ್ರು, ಹೇಳಿದೆ. ಹೂಂ, ಪೈರು ಕೀಳೋವಾಗ ಬೇರು ಉದ್ದಕ್ಕೆ ಬಂದ್ರೆ ನಾಟಿಗೆ ಸಲೀಸು ಅಂದ್ರು. ಅದಕ್ಕಿಂತ ಚೆನ್ನಾಗಿ ನಮ್ಮ ಕ್ಲಾಸಲ್ಲಿ ಯಾರೂ ಹೇಳಿರ್ಲಿಲ್ಲ.

ಉಳಿದಿದ್ದೆಲ್ಲ ಸಾಲು ಸಾಲು. ಗ್ಲೂಕೋಸ್ ಕುಡಿಸಿ ಶುಗರ್, ಇಸಿಜಿ, ಎಕೋ, ಎದೆ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಸಿ, ಗೈನಕಾಲಜಿ ಚೆಕಪ್ಪು, ಪ್ಯಾಪ್ ಸ್ಮಿಯರ್. ಸೈಕಿಯಾಟ್ರಿಸ್ಟ್ ಒಬ್ರು ಸುಮಾರು ಹೊತ್ತು ಮಾತಾಡ್ಸಿದ್ರು, ಕಸಿ ಮಾಡಿದ ಕಿಡ್ನಿ ಅವನ ದೇಹದಲ್ಲಿ ನಿಲ್ಲದೇ ಹೋದ್ರೆ ನಿಮಗೆ ಹೇಗನ್ಸುತ್ತೆ ಅಂತ ಕೇಳಿದ್ರು. ಅದಕ್ಕೆ ತಕ್ಷಣ ಉತ್ತರ ಬರ್ಲಿಲ್ಲ.

ಇನ್ನು ಕಾಗದ ಪತ್ರ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ ಹತ್ತಿರದ ಸಂಬಂಧಿಗಳು, 2011ರ ತಿದ್ದುಪಡೀಲಿ ಅಜ್ಜ ಅಜ್ಜಿ ಮೊಮ್ಮಕ್ಕಳನ್ನೂ ಸೇರಿಸಿದ್ರು. ನಾವು ಅಕ್ಕ ತಮ್ಮ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ, ಎಚ್‌ಎಲ್‌ಎ ರಿಪೋರ್ಟೂ ಹೇಳುತ್ತೆ, ಆದ್ರೆ ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರು ಒಂಥರ, ಅವನ ಆಧಾರಲ್ಲಿ ಇನ್ನೊಂಥರ, ಒಂದರಲ್ಲಿ ಗೌಡ ಇದೆ ಇನ್ನೊಂದರಲ್ಲಿ ಇಲ್ಲ. ಅದಕ್ಕೆ ನೋಟರಿ ಅಫಿಡವಿಟ್, ಹಳೇ ರೇಷನ್ ಕಾರ್ಡ್, ವಂಶವೃಕ್ಷ. ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಇಲ್ದಿದ್ರೆ ನಾಡಕಚೇರಿ ಬಾಗಿಲಲ್ಲೇ ವರ್ಷ ಕಳೀತಿತ್ತೇನೋ.

ಕಸಿಗೆ ಅನುಮತಿ ಕೊಡೋ ಅಧಿಕಾರಿಗಳ ಮುಂದೆ ಇಂಟರ್‌ವ್ಯೂ, ಅದರ ವಿಡಿಯೋ ಮಾಡ್ತಾರೆ, ಆಪರೇಷನ್ ಮಾಡೋ ಟೀಮಿನವ್ರು ಅದರಲ್ಲಿ ಇರೋ ಹಾಗಿಲ್ಲ. ದಾನಿ ಹೆಣ್ಣಾಗಿದ್ರೆ ಇನ್ನೂ ಹುಷಾರಾಗಿರ್ಬೇಕು, ಆಕೆಯ ಗುರುತು, ಸ್ವಂತ ಒಪ್ಪಿಗೆ ಎರಡನ್ನೂ ರೋಗಿ ಬಿಟ್ಟು ಬೇರೆಯವರಿಂದ ಖಚಿತ ಮಾಡ್ಕೋಬೇಕು ಅಂತ 2014ರ ನಿಯಮದಲ್ಲೇ ಇದೆ. ಎಲ್ಲರನ್ನೂ ಹೊರಗೆ ಕಳ್ಸಿ ನನ್ನೊಬ್ಬಳನ್ನೇ ಕೇಳಿದ್ರು. ಗಂಡ ಒಪ್ಪಿದಾರಾ, ಅಪ್ಪ ಅಮ್ಮ ಒತ್ತಾಯ ಮಾಡಿದ್ರಾ, ಆಸ್ತಿ ವಿಷ್ಯ ಏನಾದ್ರೂ ಇದ್ಯಾ, ಇವತ್ತು ಬೇಡ ಅಂದ್ರೆ ಕಾರಣ ಹೊರಗೆ ಹೇಳಲ್ಲ, ಟೆಸ್ಟಲ್ಲಿ ಹೊಂದಲಿಲ್ಲ ಅಂತ ಹೇಳ್ತೀವಿ ಅಂದ್ರು. ಡಯಾಲಿಸಿಸ್ ಯೂನಿಟ್ಟಲ್ಲಿದ್ದಾಗ ಕೊಡೋಕೆ ಬರೋರಲ್ಲಿ ಅಮ್ಮಂದಿರು, ಹೆಂಡ್ತಿಯರು, ಅಕ್ಕತಂಗೀರೇ ಜಾಸ್ತಿ ಅಂತ ನೋಡಿದೀನಿ, ಅವರಲ್ಲಿ ಎಷ್ಟು ಜನಕ್ಕೆ ಬೇಡ ಅನ್ನೋಕೆ ಮನೇಲಿ ಬಾಯಿತ್ತು? ನನ್ನ ಪ್ರಕಾರ ಈ ಇಡೀ ತಪಾಸಣೇಲಿ ಈ ಬಾಗಿಲು ಹಾಕಿ ಕೇಳೋ ಪ್ರಶ್ನೆಗಳಷ್ಟು ಮುಖ್ಯವಾದ ಟೆಸ್ಟ್ ಇನ್ನೊಂದಿಲ್ಲ. ನನಗೆ ಯಾರ ಒತ್ತಾಯಾನೂ ಇರ್ಲಿಲ್ಲ, ಹಾಗೇ ಹೇಳಿದೆ.

ಆಪರೇಷನ್ ಆಯ್ತು. ಹೊಟ್ಟೆ ಒಳಗೆ ಗಾಳಿ ತುಂಬಿ ಕ್ಯಾಮೆರಾದಲ್ಲಿ ಮಾಡೋದ್ರಿಂದ ಗಾಯಕ್ಕಿಂತ ಭುಜ ನೋವು ನನಗೆ ಹೆಚ್ಚು ಕಾಡ್ತು. ತಮ್ಮನ ಯೂರಿನ್ ಆಪರೇಷನ್ ಟೇಬಲ್ ಮೇಲೇ ಶುರುವಾಗಿತ್ತಂತೆ. ಮೊದಲ ರಾತ್ರಿ ಒಂದೊಂದು ಗಂಟೆಗೆ ಐನೂರು ಆರುನೂರು ಮಿಲಿ ಬರ್ತಿತ್ತು, ಬಂದಷ್ಟನ್ನೂ ಗಂಟೆಗಂಟೆಗೆ ಅಳೆದು ಡ್ರಿಪ್ಪಲ್ಲಿ ವಾಪಸ್ ಕೊಡ್ಬೇಕು, ಇಲ್ದಿದ್ರೆ ಬಿಪಿ ಬಿದ್ದು ಹೊಸ ಕಿಡ್ನಿಗೇ ರಕ್ತ ಸಾಲದೇ ಹೋಗುತ್ತೆ. ಅವತ್ತು ನೈಟ್ ಡ್ಯೂಟೀಲಿದ್ದ ಹುಡುಗಿ ಯೂರಿನ್ ಅಳೆಯೋ ಯೂರೋಮೀಟರ್ ಮುಂದೆ ಬಗ್ಗಿ, ಬರೆದು, ಡ್ರಿಪ್ ಲೆಕ್ಕ ಬದಲಾಯಿಸಿ, ಮತ್ತೆ ಬಗ್ಗಿ, ಬೆಳಗಾಗೋವರ್ಗೂ ಕೂತಿರ್ಲಿಲ್ಲ ಅಂತ ತಮ್ಮನೇ ಹೇಳ್ದ. ಅವನ ಕ್ರಿಯಾಟಿನಿನ್ ಇಳೀತಾ ಇಳೀತಾ 1.3ಕ್ಕೆ ನಿಂತಿದೆ. ಮಾತ್ರೆ ಟೈಮಿಗೆ ತಗೋತಾನೆ, ಮತ್ತೆ ಗಾಡಿ ಓಡಿಸ್ತಿದಾನೆ, ಬೇರೆಯವರದ್ದು.

ನನ್ನದು 0.7 ಇದ್ದಿದ್ದು ಈಗ 1.0. ಲ್ಯಾಬಿನ ಕಂಪ್ಯೂಟರ್ ಇಜಿಎಫ್‌ಆರ್ (ರಕ್ತದ ಕ್ರಿಯಾಟಿನಿನ್ನಿಂದ ಅಂದಾಜು ಮಾಡಿದ ಜಿಎಫ್‌ಆರ್) 74 ಅಂತ ತೋರಿಸುತ್ತೆ, ಗೊತ್ತಿಲ್ಲದೋರು ನೋಡಿ ಗಾಬರಿಯಾಗ್ತಾರೆ. ಒಂದು ಕಿಡ್ನಿ ಹೋದ್ರೂ ಕೆಲಸ ಅರ್ಧಕ್ಕೆ ಇಳಿಯಲ್ಲ, ಉಳಿದಿದ್ದು ಸ್ವಲ್ಪ ದೊಡ್ಡದಾಗಿ ಜಾಸ್ತಿ ದುಡಿಯುತ್ತೆ, ಮೊದಲಿದ್ದದ್ದರ ಮೂರರಲ್ಲಿ ಎರಡು ಭಾಗದ ಹತ್ರ ಬಂದು ನಿಲ್ಲುತ್ತೆ. ವರ್ಷಕ್ಕೊಂದ್ಸಲ ಬಿಪಿ, ಕ್ರಿಯಾಟಿನಿನ್, ಯೂರಿನ್ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ ನೋಡಿಸ್ಕೋಬೇಕು. ಬ್ರೂಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಮುಟ್ಟೋ ಹಾಗಿಲ್ಲ, ಮೆಡಿಕಲ್ ಶಾಪಲ್ಲಿ ಹಲ್ಲುನೋವು ಅಂದ ತಕ್ಷಣ ಅದನ್ನೇ ಹರಿದುಕೊಡ್ತಾರೆ, ಪ್ಯಾರಾಸಿಟಮಾಲ್ ಸಾಕು ಅಂದ್ರೆ ಅದ್ರಲ್ಲಿ ಕಮ್ಮಿ ಆಗಲ್ಲ ಅಕ್ಕ ಅಂತ ವಾದ ಬೇರೆ.

ನಮ್ಮ ವಾರ್ಡಲ್ಲಿ ಈಗ ಇಪ್ಪತ್ನಾಲ್ಕು ಗಂಟೆ ಯೂರಿನ್ ಕ್ಯಾನಿಗೆ ಹೋಗೋ ಲೇಬಲ್ಲಲ್ಲಿ ಶುರು ಟೈಮು, ಮುಗಿದ ಟೈಮು, ಪೇಷೆಂಟ್ ತೂಕ, ಒಟ್ಟು ಎಷ್ಟು ಕ್ಯಾನು, ವಾರ್ಡಲ್ಲೇ ಅಳೆದ ವಾಲ್ಯೂಮ್ ಎಷ್ಟು ಅಂತ ಬರೆದೇ ಕಳ್ಸೋದು. ರಿಪೋರ್ಟ್ ಬಂದ ತಕ್ಷಣ ಕೆಜಿಗೆ ಎಷ್ಟು ಮಿಲಿಗ್ರಾಂ ಬಂತು ಅಂತ ಹುಡುಗೀರ ಕೈಲಿ ಭಾಗಾಕಾರ ಮಾಡಿಸ್ತೀನಿ, ಹೊಂದದೇ ಇದ್ರೆ ಡಾಕ್ಟರಿಗೆ ತೋರ್ಸೋ ಮುಂಚೆ ಲ್ಯಾಬಿಗೆ ಫೋನು. ಅಕ್ಕ ನಾವೇನ್ ಲ್ಯಾಬ್ ಟೆಕ್ನೀಷಿಯನ್ನಾ ಅಂತ ಒಬ್ಳು ಗೊಣಗ್ತಾಳೆ, ಗೊಣಗ್ಲಿ. ಹೋದ್ ತಿಂಗಳು ಅವಳೇ ಒಂದು ಹಿಡಿದ್ಲು, ವಾಲ್ಯೂಮ್ ಕಾಲಮ್ಮಲ್ಲಿ ಇನ್ಯಾರದ್ದೋ ನಂಬರ್ ಬಿದ್ದಿತ್ತು.